ಭಾಷಣ ಸಲೀಸು, ಮೀಟಿಂಗ್ ಕಷ್ಟ

ಪ್ರಶ್ನೆ: ನನಗೆ 34 ವರ್ಷ, ಊರು ಮಂಡ್ಯ. ಭತ್ತದ ತಳಿಗಳ ಮೇಲೆ ಸಂಶೋಧನೆ ಮಾಡುತ್ತೇನೆ. ಹೋದ ವರ್ಷ ಮೈಸೂರಿನಲ್ಲಿ ಪರೀಕ್ಷೆ ಮಾಡಿ, ನನಗೆ ಆಟಿಸಂ ಇದೆ ಎಂದರು. ಆಮೇಲಿಂದ ಆ ಬಗ್ಗೆ ಮಾತಾಡಲು ಕಾಲೇಜುಗಳಿಂದ ಕರೆ ಬರುತ್ತಿದೆ. ಹೋಗುತ್ತೇನೆ, ಚೆನ್ನಾಗಿಯೇ ಮಾತಾಡುತ್ತೇನೆ. ಮನೆಗೆ ಬಂದರೆ ಮಾತ್ರ ಎರಡು ದಿನ ಕತ್ತಲೆ ಕೋಣೆಯಲ್ಲಿ ಮಲಗಿರುತ್ತೇನೆ. ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮೊನ್ನೆ ನಮ್ಮ ಮುಖ್ಯಸ್ಥರಿಗೆ ನನ್ನ ಭಾಷಣದ ವಿಡಿಯೊ ಸಿಕ್ಕಿತು. ‘ಮುನ್ನೂರು ಜನರ ಮುಂದೆ ಒಂದು ಗಂಟೆ ಮಾತಾಡ್ತೀರಿ, ನಮ್ಮ ಮೀಟಿಂಗಲ್ಲಿ ಅರ್ಧ ಗಂಟೆ ಕೂರೋಕಾಗಲ್ವಾ ಮೇಡಂ?’ ಅಂತ ಎಲ್ಲರೆದುರು ಕೇಳಿದರು. ನನಗೆ ಬಾಯೇ ಬರಲಿಲ್ಲ. ಅಮ್ಮ ‘ತಂಗಿ ಮದ್ವೆ ಆಗೋಗಂಟ ಸುಮ್ಕಿರವ್ವ’ ಅನ್ನುತ್ತಾರೆ. ಭಾಷಣ ಬಿಡಲೇ, ಕೆಲಸ ಬಿಡಲೇ?

ಉತ್ತರ: ಸದ್ಯಕ್ಕೆ ಎರಡನ್ನೂ ಬಿಡಬೇಡಿ.

ನಿಮ್ಮ ಮುಖ್ಯಸ್ಥರು ಎಲ್ಲರೆದುರು ಕೇಳಿದ್ದು ತಪ್ಪು. ಆದರೆ ಆ ಪ್ರಶ್ನೆಗೆ ಉತ್ತರ ಇದೆ, ನಿಮಗೂ ಗೊತ್ತು. ಆ ಹೊತ್ತಿಗೆ ಬಾಯಿಗೆ ಬರಲಿಲ್ಲ, ಅಷ್ಟೆ.

ಭಾಷಣದಲ್ಲಿ ಏನು ಹೇಳಬೇಕು ಅಂತ ವಾರದ ಮುಂಚೆಯೇ ಬರೆದುಕೊಂಡಿರುತ್ತೀರಿ. ಮೈಕು ನಿಮ್ಮ ಕೈಯಲ್ಲಿರುತ್ತದೆ. ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಜನರ ಕಣ್ಣು ನೋಡದೆ ಹಿಂದಿನ ಗೋಡೆ ನೋಡುತ್ತಾ ಮಾತಾಡಿದರೂ ನಡೆಯುತ್ತದೆ. ಮೀಟಿಂಗ್ ಹಾಗಲ್ಲ. ನಾಲ್ಕು ಜನ ಒಟ್ಟಿಗೆ ಮಾತಾಡುತ್ತಾರೆ. ಫ್ಯಾನು ಕಿರುಗುಟ್ಟುತ್ತದೆ, ಟ್ಯೂಬ್‌ಲೈಟು ಮಿಣುಕುತ್ತದೆ, ಪಕ್ಕದವರು ಬಿಸ್ಕತ್ ಪೊಟ್ಟಣ ಬಿಚ್ಚುತ್ತಾರೆ. ಇದರ ಮಧ್ಯೆ ಯಾರೋ ‘ನೋಡೋಣ ಬಿಡಿ’ ಅಂದರೆ ಅದು ಹೌದೋ ಅಲ್ಲವೋ ಅಂತ ನೀವೇ ಊಹಿಸಬೇಕು. (ಆಫೀಸಿನ ‘ನೋಡೋಣ’ ನನಗೂ ಇವತ್ತಿಗೂ ಅರ್ಥವಾಗಿಲ್ಲ.) ಬೆಳಕು, ಸದ್ದು ಜಾಸ್ತಿ ಕಾಡುವುದು ನಿಮ್ಮ ನಾಜೂಕುತನವೂ ಅಲ್ಲ. ಅಮೆರಿಕದ ಮನೋವೈದ್ಯರು 2013ರಲ್ಲಿ ಮಾನಸಿಕ ತೊಂದರೆಗಳನ್ನು ಗುರುತಿಸುವ ತಮ್ಮ ಕೈಪಿಡಿಯನ್ನು ಪರಿಷ್ಕರಿಸಿದಾಗ ಇದನ್ನೂ ಆಟಿಸಂನ ಲಕ್ಷಣಗಳಲ್ಲಿ ಸೇರಿಸಿದರು.

ಇನ್ನೊಂದು. ಡೇಮಿಯನ್ ಮಿಲ್ಟನ್ ಅಂತ ಬ್ರಿಟನ್ನಿನ ಸಮಾಜಶಾಸ್ತ್ರಜ್ಞರಿದ್ದಾರೆ. ಅವರಿಗೂ ಆಟಿಸಂ ಇದೆ. 2012ರಲ್ಲಿ ಅವರು ಬರೆದದ್ದರ ಸಾರ ಇಷ್ಟು: ಆಟಿಸಂ ಇರುವವರಿಗೆ ಉಳಿದವರು ಅರ್ಥವಾಗದಿರುವುದು ಅರ್ಧ ಮಾತು. ಉಳಿದವರಿಗೂ ಇವರು ಅರ್ಥವಾಗುವುದಿಲ್ಲ. ತೊಡಕು ಎರಡೂ ಕಡೆ ಇದೆ. ನಿಮ್ಮ ಮುಖ್ಯಸ್ಥರ ಪ್ರಶ್ನೆಯೇ ಇದಕ್ಕೆ ಉದಾಹರಣೆ ಅಲ್ವಾ? ನಮ್ಮಲ್ಲಿ ಆಟಿಸಂಗೆ ‘ಸ್ವಲೀನತೆ’ ಅನ್ನುತ್ತಾರೆ, ತನ್ನಲ್ಲೇ ಲೀನವಾಗುವುದು ಅಂತ. ನನಗಂತೂ ಆ ಪದ ಹಿಡಿಸಿಲ್ಲ. ಮುನ್ನೂರು ಜನರಿಗೆ ಮನಮುಟ್ಟುವಂತೆ ಮಾತಾಡಿ ಬಂದವರು ತಮ್ಮಲ್ಲೇ ಲೀನರೇ?

ಈಗ ಕೆಲಸದ ಮಾತು. ವಿಡಿಯೊ ನೋಡಿಯಾಗಿದೆ, ಆದ್ದರಿಂದ ಹೇಳಬೇಕೋ ಬೇಡವೋ ಎಂಬ ಪ್ರಶ್ನೆ ಮುಗಿಯಿತು. ಬೇರೆಯವರು ಅವರವರಿಗೆ ತೋಚಿದ್ದು ಅಂದುಕೊಳ್ಳುವ ಮೊದಲು ನೀವೇ ಬರೆದುಕೊಡಿ. ಎದುರು ನಿಂತು ಹೇಳಲು ಹೋಗಬೇಡಿ, ಬರವಣಿಗೆ ನಿಮ್ಮ ಕೈ ಹಿಡಿಯುತ್ತದೆ. ಒಂದು ಪುಟ ಸಾಕು. ಆಟಿಸಂ ಎಂದರೇನು ಎಂಬ ಪಾಠ ಅದರಲ್ಲಿ ಬೇಡ, ಬೇಕಾದ್ದನ್ನು ಮಾತ್ರ ಕೇಳಿ. ಮೀಟಿಂಗಿನ ವಿಷಯಗಳು ಹಿಂದಿನ ದಿನವೇ ಕೈಗೆ ಸಿಗಲಿ. ಬಾಗಿಲ ಪಕ್ಕದ ಕುರ್ಚಿ ನಿಮಗಿರಲಿ, ಬೇಕಾದಾಗ ಐದು ನಿಮಿಷ ಎದ್ದು ಹೋಗುವಂತಿರಲಿ. ನಿಮ್ಮಿಂದ ಆಗಬೇಕಾದ ಕೆಲಸ ಕೊನೆಗೆ ಒಂದು ಮೇಲ್‌ನಲ್ಲಿ ಬರಲಿ. ಇದಕ್ಕೆಲ್ಲ ಯಾರ ಜೇಬಿನಿಂದಲೂ ಒಂದು ರೂಪಾಯಿ ಖರ್ಚಾಗುವುದಿಲ್ಲ. ಗದ್ದೆಯಲ್ಲಿ ಕೂತು ಭತ್ತದ ತೆಂಡೆ (ಬುಡದಿಂದ ಒಡೆಯುವ ಕವಲು) ಎಣಿಸುವಾಗ ನಿಮಗೆ ಯಾರ ಸಹಾಯವೂ ಬೇಕಾಗಿರಲಿಕ್ಕಿಲ್ಲ. ಅದನ್ನೂ ಬರೆಯಿರಿ.

ಕಾನೂನು ನಿಮ್ಮ ಕಡೆ ಇದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆ ಇತ್ತು, ಆಟಿಸಂ ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ಇವೆ, ಆಟಿಸಂ ಅದರಲ್ಲಿದೆ. ಸರ್ಕಾರಿ ಸಂಸ್ಥೆಗಳು ಇಂಥ ನೌಕರರಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಅಂತ ಅದರ 20ನೇ ಸೆಕ್ಷನ್ ಹೇಳುತ್ತದೆ. ಆದರೆ ಒಂದು ಎಚ್ಚರ. ಪರೀಕ್ಷೆ ಮಾಡಿದವರು ಕೊಟ್ಟ ವರದಿ ಬೇರೆ, ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಬೇರೆ. ಮಾತು ಹಕ್ಕಿನವರೆಗೂ ಹೋದರೆ ಕೇಳುವುದು ಎರಡನೆಯದನ್ನು. ಅದು ಬೇಕೋ ಬೇಡವೋ ಎಂಬುದು ನಿಮ್ಮ ಇಷ್ಟ. ಮೊದಲ ಪತ್ರದಲ್ಲೇ ಸೆಕ್ಷನ್ ನಂಬರ್ ಬರೆಯಬೇಡಿ. ಓದುವವರ ಮುಖ ಗಂಟಾಗುತ್ತದೆ.

ಅಮ್ಮನ ಮೇಲೆ ಸಿಟ್ಟು ಬೇಡ. ಗಂಡಿನ ಕಡೆಯವರು ಏನಂತಾರೋ ಎಂಬ ದಿಗಿಲು ಅವರಿಗೆ. ಆದರೆ ವಿಡಿಯೊ ಆಗಲೇ ಊರು ಸುತ್ತಿ ಬಂದಿದೆ. ತಂಗಿಯನ್ನೇ ಕೇಳಿ, ಮದುವೆ ಅವಳದ್ದು.

ನನಗೆ ಜಾಸ್ತಿ ಯೋಚನೆಯಾದದ್ದು ನಿಮ್ಮ ಆ ಎರಡು ದಿನದ ಬಗ್ಗೆ. ಜನ ನೋಡುವುದು ವೇದಿಕೆಯ ಒಂದು ಗಂಟೆಯನ್ನು. ಆಮೇಲಿನ ನಲವತ್ತೆಂಟು ಗಂಟೆ ಯಾರ ಲೆಕ್ಕದಲ್ಲೂ ಇಲ್ಲ, ನಿಮ್ಮ ಲೆಕ್ಕದಲ್ಲೂ ಇದ್ದ ಹಾಗಿಲ್ಲ. ಡೈರಿಯಲ್ಲಿ ಒಂದು ಭಾಷಣಕ್ಕೆ ಮೂರು ದಿನ ಅಂತ ಗುರುತು ಹಾಕಿ. ಶನಿವಾರದ ಕಾರ್ಯಕ್ರಮವಾದರೆ ಸೋಮವಾರ ರಜೆ. ಆಫೀಸಿನಲ್ಲಿ ದೊಡ್ಡ ಮೀಟಿಂಗ್ ಇರುವ ವಾರ ಭಾಷಣವೇ ಬೇಡ. ಅಷ್ಟು ದಿನ ಹೋಗುತ್ತದೆ ಅಂದಮೇಲೆ ಸಂಭಾವನೆ ಕೇಳುವುದಕ್ಕೆ ನಾಚಬೇಡಿ.

ಭಾಷಣಕ್ಕಿಂತ ಭಾಷಣ ಮುಗಿದ ಮೇಲಿನ ಅರ್ಧ ಗಂಟೆಯೇ ನಿಮ್ಮನ್ನು ಹಿಂಡುತ್ತಿದೆ ಅಂತ ನನ್ನ ಅನುಮಾನ. ಮಕ್ಕಳ ಫೈಲು ಹಿಡಿದ ಅಪ್ಪ-ಅಮ್ಮಂದಿರು ಸುತ್ತುವರಿಯುತ್ತಾರೆ. ‘ನಮ್ಮ ಹುಡುಗ ಮಾತಾಡ್ತಾನಾ ಮೇಡಂ? ನಿಮ್ಮ ತರ ಓದ್ತಾನಾ?’ ಅನ್ನುತ್ತಾರೆ. ಏನು ಹೇಳಿದರೂ ಕಷ್ಟ. ನಿಮ್ಮನ್ನು ನೋಡಿ ಆ ಹುಡುಗನ ಭವಿಷ್ಯ ಹೇಳಲು ಬರುವುದಿಲ್ಲ, ಒಬ್ಬರ ಆಟಿಸಂ ಇನ್ನೊಬ್ಬರ ಹಾಗಿರುವುದಿಲ್ಲ. ನೀವು ಭತ್ತದ ತಜ್ಞೆ, ಡಾಕ್ಟರ್ ಅಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಅದರ ವಿಳಾಸ ಬರೆದ ಚೀಟಿಗಳನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿರಿ, ಕೇಳಿದವರ ಕೈಗೆ ಕೊಡಿ. ಸಭೆಯ ಪ್ರಶ್ನೆಗಳೂ ಚೀಟಿಯಲ್ಲೇ ಬರಲಿ. ಐದಕ್ಕೆ ಉತ್ತರ ಕೊಟ್ಟು ಎದ್ದುಬಿಡಿ.

ಇನ್ನು ಸನ್ಮಾನ. ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಎಷ್ಟೋ ವರ್ಷದ ಹಿಂದೆ ಮೈಸೂರಿನ ಒಂದು ಕಾರ್ಯಕ್ರಮಕ್ಕೆ ನಾನೇ ಓಡಾಡಿದ್ದೆ. ಬಂದಿದ್ದ ಅತಿಥಿ ‘ದಯವಿಟ್ಟು ಹಾರ, ಪೇಟ ಏನೂ ಬೇಡ’ ಎಂದು ಎರಡು ಸಲ ಹೇಳಿದರು. ಸಂಕೋಚಕ್ಕೆ ಹೇಳುತ್ತಾರೆ ಅಂದುಕೊಂಡೆ. ನಮ್ಮಲ್ಲಿ ಬೇಡ ಎನ್ನುವುದೇ ದೊಡ್ಡವರ ಲಕ್ಷಣ ತಾನೆ? ಮೈಸೂರು ಪೇಟ ಇಟ್ಟೆವು, ಶಾಲು ಹೊದಿಸಿದೆವು, ಸುಗಂಧರಾಜದ ಹಾರ ಹಾಕಿದೆವು. ಅವರು ಕಣ್ಣು ಮುಚ್ಚಿಕೊಂಡು ನಿಂತರು. ಫೋಟೊದವರು ‘ಸರ್, ಇಲ್ಲಿ ನೋಡಿ’ ಅಂತ ಕೂಗುತ್ತಲೇ ಇದ್ದರು. ಆ ಫೋಟೊ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ನಾನೊಬ್ಬನೇ ನಗುತ್ತಿರುವುದು.

ಅದಕ್ಕೇ ಹೇಳುತ್ತಿದ್ದೇನೆ, ಬಾಯಲ್ಲಿ ‘ಬೇಡ’ ಅಂದರೆ ಸಾಲದು. ಮುಂದಿನ ಆಹ್ವಾನ ಬಂದಾಗ ಬರುತ್ತೇನೆ ಎಂದು ಒಪ್ಪುವ ಮೊದಲೇ ಬರೆದು ಕಳಿಸಿ: ‘ಹಾರ, ಶಾಲು, ಪೇಟ ಬೇಡ. ಇದು ಸಂಕೋಚಕ್ಕೆ ಹೇಳಿದ ಮಾತಲ್ಲ.’