ಹಾರಲಾಗದ ಒಂದು ಪತಂಗ ಅಳಿದರೆ ಏನು ನಷ್ಟ?

ನೀವು ಎರಡು ವಿಷಯ ಕೇಳಿದ್ದೀರಿ. ದೂರದ ದ್ವೀಪವೊಂದರಲ್ಲಿ ಮಾತ್ರ ಇರುವ, ಹಾರಲಾಗದ ಪತಂಗ ನಿಜಕ್ಕೂ ಇದೆಯಾ? ಇದ್ದರೆ, ಅದು ಅಳಿದುಹೋದರೆ ಯಾರಿಗೆ ಏನು ನಷ್ಟ?

ಇದೆ. ಹೆಸರು ಪ್ರಿಂಗ್ಲಿಯೋಫಾಗಾ ಮರಿಯೋನಿ. ಕೇಪ್‌ಟೌನ್‌ನಿಂದ ಸುಮಾರು 2,000 ಕಿ.ಮೀ. ಆಗ್ನೇಯಕ್ಕೆ, ಹಿಂದೂ ಮಹಾಸಾಗರದ ಕೊರೆಯುವ ಚಳಿಯಲ್ಲಿ ಮರಿಯನ್ ಮತ್ತು ಪ್ರಿನ್ಸ್ ಎಡ್ವರ್ಡ್ ಅಂತ ಅಕ್ಕಪಕ್ಕದ ಎರಡು ದ್ವೀಪಗಳಿವೆ. ಎರಡೂ ದಕ್ಷಿಣ ಆಫ್ರಿಕಾಕ್ಕೆ ಸೇರಿದವು. ಈ ಪತಂಗ ಇರುವುದು ಅಲ್ಲಿ ಮಾತ್ರ. ನಮ್ಮ ಮನೆಗಳ ಗೋಡೆ ಮೇಲೆ ಚಪ್ಪಟೆ ಬೂದು ಚೀಲ ಎಳೆದುಕೊಂಡು ತೆವಳುವ ಪುಟ್ಟ ಹುಳು ನೋಡಿರುತ್ತೀರಿ, ಅಲ್ವಾ? ಅದು ಇದೇ ಕುಟುಂಬದ್ದು.

ಇದಕ್ಕೆ ರೆಕ್ಕೆ ಇದೆ, ಆದರೆ ಮೊಟಕು. ಹಾರಲು ಬರುವುದಿಲ್ಲ. ಅಂಟಾರ್ಕ್ಟಿಕಾ ಸುತ್ತಲಿನ ಇಂಥ ಚಳಿ ದ್ವೀಪಗಳ ಸ್ಥಳೀಯ ಕೀಟಗಳಲ್ಲಿ ಸುಮಾರು ಅರ್ಧದಷ್ಟು ಹೀಗೆಯೇ. ಹಾರುವ ಕೀಟಗಳನ್ನು ಗಾಳಿ ಸಮುದ್ರಕ್ಕೆ ಹೊತ್ತೊಯ್ಯುತ್ತದೆ, ಹಾರದವು ಉಳಿಯುತ್ತವೆ ಎಂದು ಡಾರ್ವಿನ್ ಬಹಳ ಹಿಂದೆಯೇ ಊಹಿಸಿದ್ದರು. 2020ರಲ್ಲಿ ಈ ದ್ವೀಪಗಳ ಕೀಟಗಳನ್ನೆಲ್ಲ ಹೋಲಿಸಿ ನೋಡಿದ ಅಧ್ಯಯನವೊಂದು ಗಾಳಿಯ ಪಾತ್ರ ದೊಡ್ಡದೇ ಎಂದಿತು. ಕಾರಣ ಮಾತ್ರ ಸ್ವಲ್ಪ ಬೇರೆ ಇರಬಹುದು. ಅಂಥ ಗಾಳಿಯಲ್ಲಿ ಹಾರುವುದಕ್ಕೆ ಜಾಸ್ತಿ ಶಕ್ತಿ ಬೇಕು. ರೆಕ್ಕೆಗೆ, ಅದರ ಸ್ನಾಯುಗಳಿಗೆ ಹಾಕುವ ಬಂಡವಾಳವನ್ನು ಮೊಟ್ಟೆಗೆ ಹಾಕಿದ ಕೀಟಗಳೇ ಗೆದ್ದವು.

ಈಗ ನಿಮ್ಮ ಎರಡನೇ ಪ್ರಶ್ನೆ. ನಾನು ಬರೆಯಲು ಕೂತದ್ದೇ ಇದಕ್ಕಾಗಿ.

ಈ ಪತಂಗದ ನಿಜವಾದ ಬದುಕು ಹುಳುವಾಗಿದ್ದಾಗಲೇ. ಚಳಿಗೆ ಬೆಳವಣಿಗೆ ಬಹಳ ನಿಧಾನ. ಹುಳು ವರ್ಷಗಟ್ಟಲೆ ಮಣ್ಣಿನಲ್ಲೇ ಇರುತ್ತದೆ. ಮೈಯೊಳಗೆ ಮಂಜುಗಡ್ಡೆ ಕಟ್ಟಿದರೂ, ಚಳಿ ತೀರಾ ಮಿತಿ ಮೀರದಿದ್ದರೆ ಸಾಯುವುದಿಲ್ಲ. ತಿನ್ನುವುದು ಒಣಗಿ ಬಿದ್ದ ಎಲೆ, ಹುಲ್ಲು, ಕೊಳೆತ ಕಸ. ಅಲ್ಲಿ ಹುಲ್ಲು ಮೇಯಲು ಜಿಂಕೆ, ಮೊಲದಂಥ ಪ್ರಾಣಿಗಳೇ ಇಲ್ಲ. ಬೆಳೆದದ್ದೆಲ್ಲ ಹಾಗೇ ಬಿದ್ದಿರುತ್ತದೆ. ಆ ಚಳಿಯಲ್ಲಿ ಸುಮ್ನೆ ಬಿಟ್ಟರೆ ಬೇಗ ಕೊಳೆಯುವುದೂ ಇಲ್ಲ. ಈ ಹುಳುಗಳು ತಿಂದು ಹಿಕ್ಕೆ ಹಾಕಿದಾಗಲೇ ಅದರ ಸಾರ ಬೇಗ ಮಣ್ಣಿಗೆ ಮರಳುತ್ತದೆ, ಗಿಡಗಳಿಗೆ ಸಿಗುತ್ತದೆ. ಅಂದರೆ ಹುಳು ಕಡಿಮೆಯಾದರೆ ಆ ದ್ವೀಪದ ಮಣ್ಣೇ ಬಡವಾಗುತ್ತದೆ.

ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ. ಲೋಕದ ವಾಂಡರಿಂಗ್ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಗಳಲ್ಲಿ ಸುಮಾರು ಕಾಲು ಭಾಗ ಗೂಡು ಕಟ್ಟುವುದು ಮರಿಯನ್‌ನಲ್ಲಿ. ಮಣ್ಣು, ಹುಲ್ಲು ಗುಡ್ಡೆ ಹಾಕಿ ಮಾಡಿದ ಗೂಡು ಅದು. ಹಕ್ಕಿ ಕೂತಿರುವುದರಿಂದ ಗೂಡು ಸುತ್ತಲಿನ ನೆಲಕ್ಕಿಂತ ಸುಮಾರು 5 ಡಿಗ್ರಿ ಬೆಚ್ಚಗಿರುತ್ತದೆ. ಮರಿ ಎಷ್ಟೋ ತಿಂಗಳು ಅಲ್ಲೇ ಕೂತಿರುತ್ತದೆ, ಇಡೀ ಚಳಿಗಾಲ ಕೂಡ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಕ್ಕಿ ಇರುವ ಗೂಡುಗಳಲ್ಲಿ ಈ ಹುಳುಗಳು ಬೇರೆ ಕಡೆಗಿಂತ ಹೆಚ್ಚಾಗಿ ಕಂಡವು. ಮೂರು ಮೀಟರ್ ರೆಕ್ಕೆಯ ಹಕ್ಕಿಯ ಕಾವಿನಲ್ಲಿ ಹಾರಲಾಗದ ಪತಂಗದ ಹುಳು ಬೆಳೆಯುತ್ತದೆ! ಇದನ್ನು ಓದಿದ ಮೇಲೆ ಆ ದ್ವೀಪದ ಮೇಲೆ ನನಗೆ ಪ್ರೀತಿಯೇ ಹುಟ್ಟಿತು.

ಈ ಎರಡಕ್ಕೂ ಶತ್ರು ಒಂದೇ: ಇಲಿ. ನಮ್ಮ ಅಡುಗೆಮನೆಗೆ ನುಗ್ಗುವ ಅದೇ ಸುಂಡಿಲಿ. 19ನೇ ಶತಮಾನದ ಶುರುವಿನಲ್ಲಿ ಸೀಲ್ ಬೇಟೆಗಾರರ ಹಡಗುಗಳಲ್ಲಿ ಬಂದದ್ದು. ಅದನ್ನು ಹಿಡಿಯಲಿ ಅಂತ 1949ರಲ್ಲಿ ಅಲ್ಲಿನ ಹವಾಮಾನ ಕೇಂದ್ರಕ್ಕೆ ಐದು ಬೆಕ್ಕು ತಂದರು. ಬೆಕ್ಕುಗಳು ಸಾವಿರಾರು ಆದವು, ವರ್ಷಕ್ಕೆ ಸುಮಾರು 4,50,000 ಕಡಲಹಕ್ಕಿಗಳನ್ನು ತಿಂದವು. ಕೊನೆಯ ಬೆಕ್ಕನ್ನು ತೆಗೆಯುವಷ್ಟರಲ್ಲಿ 1991 ಆಗಿತ್ತು. ಇಲಿ ಮಾತ್ರ ಹಾಗೇ ಉಳಿಯಿತು.

ಇಲಿಗೆ ಮುಖ್ಯ ಆಹಾರವೇ ಈ ಹುಳು. ಹವೆ ಬಿಸಿಯಾಗಿ, ಮಳೆ ಕಡಿಮೆಯಾದಂತೆ ಇಲಿಗಳು ಹೆಚ್ಚಿದವು, ಮಣ್ಣಿನ ಕೀಟಗಳು ತೀರಾ ಕಡಿಮೆಯಾದವು. ಚಳಿಗಾಲದಲ್ಲಿ ಕೀಟ ಹೆಕ್ಕಿ ಬದುಕುವ ಶೀತ್‌ಬಿಲ್ ಎಂಬ ಬಿಳಿ ಹಕ್ಕಿಯೂ ಕಡಿಮೆಯಾಯಿತು. ಈಗ ಇಲಿಗಳು ಆಲ್ಬಟ್ರಾಸ್ ಮರಿಗಳನ್ನು ರಾತ್ರಿಯಿಡೀ ಜೀವಂತ ಕೊರೆದು ತಿನ್ನುತ್ತಿವೆ. 2023ರಲ್ಲಿ ಬೆಳೆದ ಹಕ್ಕಿಗಳನ್ನೂ ಕೊಂದಿವೆ. ನೆಲದ ಮೇಲೆ ಶತ್ರುವನ್ನೇ ಕಾಣದೆ ಬೆಳೆದ ಹಕ್ಕಿ, ಎದ್ದು ಓಡುವುದೂ ಇಲ್ಲ.

ಹಾಗಾಗಿ 'ಯಾರಿಗೆ ನಷ್ಟ' ಅಂದರೆ ಮೊದಲು ಮಣ್ಣಿಗೆ, ಗಿಡಕ್ಕೆ, ಶೀತ್‌ಬಿಲ್‌ಗೆ. ನಮಗೆ ನಷ್ಟವೇ ಆಗದಿದ್ದರೂ ಇದು ನಷ್ಟವೇ ಅಂತ ನನ್ನ ಅಭಿಪ್ರಾಯ. ಇಲಿಯನ್ನು ಅಲ್ಲಿಗೆ ಮುಟ್ಟಿಸಿದವರು ಮನುಷ್ಯರೇ.

ಪರಿಹಾರ ಇದೆ. ಇಡೀ ದ್ವೀಪಕ್ಕೆ ಚಳಿಗಾಲದಲ್ಲಿ ಹೆಲಿಕಾಪ್ಟರ್‌ಗಳಿಂದ ಇಲಿಪಾಷಾಣ ಹಾಕುವ ಯೋಜನೆ ಇದೆ. ಆಗ ಇಲಿಗಳು ಹಸಿದಿರುತ್ತವೆ, ಹಕ್ಕಿಗಳಲ್ಲಿ ಹೆಚ್ಚಿನವು ದೂರ ಹೋಗಿರುತ್ತವೆ. ಮರಿಯನ್ ಸುಮಾರು 290 ಚದರ ಕಿ.ಮೀ. ಇದೆ. ಒಂದು ಗಬ್ಬದ ಇಲಿ ಉಳಿದರೂ ಕೆಲಸ ಕೆಟ್ಟಂತೆ. ಆದರೆ ಇಂಥವೇ ಚಳಿ ದ್ವೀಪಗಳಾದ ಮಕ್ವಾರಿಯಲ್ಲಿ, ಸೌತ್ ಜಾರ್ಜಿಯಾದಲ್ಲಿ ಇಂಥ ಕೆಲಸ ಗೆದ್ದಿದೆ. ಸೌತ್ ಜಾರ್ಜಿಯಾ ಇಲಿಮುಕ್ತ ಎಂದು 2018ರಲ್ಲಿ ಘೋಷಿಸಿದರು. ಪಕ್ಕದ ಪ್ರಿನ್ಸ್ ಎಡ್ವರ್ಡ್‌ಗೆ ಇಲಿ ಮುಟ್ಟೇ ಇಲ್ಲ, ಪತಂಗ ಅಲ್ಲಿ ಚೆನ್ನಾಗಿದೆ. ಮರಿಯನ್‌ನಲ್ಲಿ ಇಲಿ ಹೋದರೆ, ಫಲಿತಾಂಶ ನೋಡಲು ಹಕ್ಕಿಗಳ ಎಣಿಕೆಗೆ ಕಾಯಬೇಡಿ. ಆಲ್ಬಟ್ರಾಸ್ ಎರಡು ವರ್ಷಕ್ಕೊಂದು ಮೊಟ್ಟೆ ಇಡುವ ಹಕ್ಕಿ. ಮೊದಲು ಹೆಚ್ಚಾಗುವುದು ಮಣ್ಣಿನ ಈ ಹುಳುಗಳೇ ಅಂತ ನನ್ನ ಅಂದಾಜು.