ಓದುಗರ ಪ್ರಶ್ನೆ: ಕೋಬೋ ಒಳಗಿನ ಕಾರ್ಡಿನ ಜಾಗ ಹಿಗ್ಗಿಸುವುದು ಹೇಗೆ?

ಪ್ರಶ್ನೆ: ನನ್ನ ಇ-ಪುಸ್ತಕ ಓದುವ ಸಾಧನ ಕೋಬೋ ಕ್ಲಾರಾ ಎಚ್‌ಡಿಯ 8 ಜಿಬಿ ಜಾಗ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್‌ಗಳಿಂದಲೇ ತುಂಬಿಹೋಯಿತು. ಒಳಗಿನ ಮೈಕ್ರೋಎಸ್‌ಡಿ ಕಾರ್ಡನ್ನು ಲಿನಕ್ಸ್‌ನ ನಕಲು ಆದೇಶ ಡಿಡಿ ಬಳಸಿ 32 ಜಿಬಿ ಕಾರ್ಡಿಗೆ ಇಡಿಯಾಗಿ ನಕಲಿಸಿದೆ. ಸಾಧನ ಶುರುವಾಗುತ್ತದೆ, ಆದರೆ ಈಗಲೂ 8 ಜಿಬಿಯನ್ನೇ ತೋರಿಸುತ್ತಿದೆ.

ಉತ್ತರ: ನಕಲು ಸರಿಯಾಗಿಯೇ ಆಗಿದೆ. ಹಳೆಯ ಕಾರ್ಡಿನ ಪಾರ್ಟಿಷನ್ (ಕಾರ್ಡನ್ನು ಹಂಚಿದ ಭಾಗಗಳ) ಪಟ್ಟಿಯೂ ಹಾಗೆಯೇ ಬಂದಿರುವುದರಿಂದ ಉಳಿದ 24 ಜಿಬಿ ಯಾರ ಲೆಕ್ಕಕ್ಕೂ ಸೇರದೆ ಬಿದ್ದಿದೆ.

ಈ ಕಾರ್ಡಿನಲ್ಲಿ ಮೂರು ಪಾರ್ಟಿಷನ್‌ಗಳಿವೆ. ಮೊದಲನೆಯದು ಸಾಧನವನ್ನು ನಡೆಸುವ ತಂತ್ರಾಂಶ. ಎರಡನೆಯದು ಅದನ್ನು ಮತ್ತೆ ಮೊದಲಿನಂತೆ ಮಾಡಲು ಇಟ್ಟ ಪ್ರತಿ. ಇವೆರಡೂ ಚಿಕ್ಕವು, ಇವುಗಳನ್ನು ಮುಟ್ಟಲೇಬೇಡಿ. ನಿಮ್ಮ ಪುಸ್ತಕಗಳಿರುವುದು ಫ್ಯಾಟ್32 ಎಂಬ ಕಡತ ವ್ಯವಸ್ಥೆ ಇರುವ ಮೂರನೆಯದರಲ್ಲಿ. ಅದು ಕೊನೆಯಲ್ಲೇ ಇರುವುದು ನಮ್ಮ ಅದೃಷ್ಟ, ಮುಂದಕ್ಕೆ ಹಿಗ್ಗಿಸಿದರೆ ಸಾಕು.

ಪಾರ್ಟಿಷನ್ ಬದಲಿಸುವ ಜಿಪಾರ್ಟೆಡ್ ತಂತ್ರಾಂಶದಲ್ಲಿ ನೇರವಾಗಿ ಹಿಗ್ಗಿಸಬಹುದು, ಆದರೆ ಅದು ನಿಧಾನ. ಯಾವ ಕಡತ ಎಲ್ಲಿದೆ ಎಂದು ಹೇಳುವ ಫ್ಯಾಟ್ ಕೋಷ್ಟಕ ಪಾರ್ಟಿಷನ್ನಿನ ಆರಂಭದಲ್ಲೇ ಇರುತ್ತದೆ. ಜಾಗ ದೊಡ್ಡದಾದರೆ ಕೋಷ್ಟಕವೂ ಬೆಳೆಯಬೇಕು, ಅದಕ್ಕಾಗಿ ಹಿಂದಿನ ಕಡತಗಳನ್ನು ಸರಿಸಬೇಕಾಗುತ್ತದೆ. ಆ ನಡುವೆ ಕರೆಂಟು ಹೋದರೆ ಪುಸ್ತಕಗಳೂ ಹೋದಂತೆ. ನಮಗೆ ಹೆಚ್ಚು ಭರವಸೆಯ ದಾರಿ ಬೇರೆ. ಮೂರನೆಯದರ ಕಡತಗಳನ್ನೆಲ್ಲ ಕಂಪ್ಯೂಟರಿಗೆ ನಕಲಿಸಿ. ಚುಕ್ಕಿಯಿಂದ ಶುರುವಾಗುವ, ಸಾಮಾನ್ಯವಾಗಿ ಕಾಣದ ಕೋಬೋ ಫೋಲ್ಡರ್ ಬಿಟ್ಟುಹೋಗದಿರಲಿ. ಪುಸ್ತಕಗಳ ಪಟ್ಟಿ, ಓದಿದ ಗುರುತುಗಳ ಡೇಟಾಬೇಸ್ ಇರುವುದು ಅದರಲ್ಲೇ. ನಂತರ ಪಾರ್ಟಿಷನ್ ಪಟ್ಟಿ ತಿದ್ದುವ ಎಫ್‌ಡಿಸ್ಕ್ ಆದೇಶ ತೆರೆದು ಮೂರನೆಯದು ಯಾವ ಸೆಕ್ಟರಿನಿಂದ (ಕಾರ್ಡಿನ 512 ಬೈಟ್‌ಗಳ ತುಂಡು) ಶುರುವಾಗುತ್ತದೆಂದು ಕಾಗದದಲ್ಲಿ ಬರೆದುಕೊಳ್ಳಿ. ಆ ಪಾರ್ಟಿಷನ್ ಅಳಿಸಿ, ಅದೇ ಆರಂಭದ ಸೆಕ್ಟರ್ ಕೊಟ್ಟು ಕಾರ್ಡಿನ ಕೊನೆಯವರೆಗೆ ಹೊಸದಾಗಿ ಮಾಡಿ. ಬಗೆಯನ್ನು ಫ್ಯಾಟ್32 ಎಂದೇ ಇಡಿ. ಫಾರ್ಮ್ಯಾಟ್ ಮಾಡುವಾಗ ಹೆಸರನ್ನೂ ಮೊದಲಿದ್ದಂತೆ, ದೊಡ್ಡಕ್ಷರ ಚಿಕ್ಕಕ್ಷರ ತಪ್ಪದೆ, KOBOeReader ಎಂದು ಕೊಡಿ. ಕಡತಗಳನ್ನು ಹಿಂದಕ್ಕೆ ಹಾಕಿ, ಕಾರ್ಡನ್ನು ಅನ್‌ಮೌಂಟ್ ಮಾಡಿಯೇ (ಕಂಪ್ಯೂಟರಿನಿಂದ ಸುರಕ್ಷಿತವಾಗಿ ಬಿಡಿಸಿಯೇ) ತೆಗೆಯಿರಿ.

ಪ್ರಶ್ನೆ: ಕಾರ್ಡನ್ನು ವಿಂಡೋಸ್‌ಗೆ ಹಾಕಿದಾಗ ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಿತು, ಹೌದು ಎಂದುಬಿಟ್ಟೆ. ಈಗ ಕೋಬೋ ಶುರುವಾಗುತ್ತಿಲ್ಲ. ಜಾಗವನ್ನು ಆಗಲೇ ಹಿಗ್ಗಿಸಿದ್ದೆ, ಪುಸ್ತಕಗಳು ಇನ್ನೂ ಕಾಣುತ್ತಿವೆ.

ಉತ್ತರ: ಮೊದಲೆರಡು ಪಾರ್ಟಿಷನ್‌ಗಳು ಲಿನಕ್ಸ್‌ನವು. ವಿಂಡೋಸ್‌ಗೆ ಅವು ಅರ್ಥವಾಗುವುದಿಲ್ಲ, ಅದಕ್ಕೇ ಆ ಪ್ರಶ್ನೆ. ನೀವು ಅಳಿಸಿರುವುದು ಅವುಗಳಲ್ಲೊಂದನ್ನು, ಹಾಗಾಗಿ ಪುಸ್ತಕಗಳಿಗೆ ಏನೂ ಆಗಿಲ್ಲ. ಕೆಳಗೆ ಹೇಳಿದ್ದನ್ನು ಬಿಟ್ಟು ಕಾರ್ಡಿಗೆ ಇನ್ನು ಏನನ್ನೂ ಬರೆಯಬೇಡಿ. ಫ್ಯಾಕ್ಟರಿ ರೀಸೆಟ್‌ಗೂ ಕೈಹಾಕಬೇಡಿ, ಅದು ಪುಸ್ತಕಗಳನ್ನೂ ಅಳಿಸುತ್ತದೆ.

ಹಳೆಯ ಕಾರ್ಡು ಅಥವಾ ಅದರ ಇಮೇಜ್ (ಇಡೀ ಕಾರ್ಡಿನ ನಕಲಿನ ಕಡತ) ಇದ್ದರೆ ಮೂರನೆಯದರ ಆರಂಭದವರೆಗಿನ ಭಾಗವನ್ನಷ್ಟೇ ಡಿಡಿಯಿಂದ ಹೊಸ ಕಾರ್ಡಿಗೆ ಬರೆಯಿರಿ. ಬ್ಲಾಕ್ ಗಾತ್ರ 512 ಇರಲಿ. ಸೊನ್ನೆಯ ಸೆಕ್ಟರನ್ನು ಮಾತ್ರ ಬಿಡಬೇಕು. ಹಳೆಯ ಪಾರ್ಟಿಷನ್ ಪಟ್ಟಿ ಇರುವುದು ಅಲ್ಲೇ, ಅದು ಬಂದರೆ ನೀವು ಹಿಗ್ಗಿಸಿದ ಜಾಗ ಮತ್ತೆ ಕುಗ್ಗಿದಂತೆ ಕಾಣುತ್ತದೆ. ಆದ್ದರಿಂದ ಸ್ಕಿಪ್ 1 (ಓದುವಾಗ ಬಿಡುವುದು), ಸೀಕ್ 1 (ಬರೆಯುವಾಗ ಬಿಡುವುದು) ಎಂದು ಕೊಟ್ಟು, ಕೌಂಟ್ (ಎಷ್ಟು ಬ್ಲಾಕ್) ಆಗಿ ಮೂರನೆಯದರ ಆರಂಭದ ಸೆಕ್ಟರ್ ಸಂಖ್ಯೆಯಲ್ಲಿ ಒಂದು ಕಳೆದದ್ದನ್ನು ಕೊಡಿ. ಯಾವ ಡಿಸ್ಕಿಗೆ ಬರೆಯುತ್ತಿದ್ದೀರಿ ಎಂಬುದನ್ನು ಎಂಟರ್ ಒತ್ತುವ ಮುನ್ನ ಡಿಸ್ಕುಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಆದೇಶದಿಂದ ಇನ್ನೊಮ್ಮೆ ನೋಡಿ. ಇಲ್ಲಿ ಒಂದು ಅಕ್ಷರ ತಪ್ಪಿದರೂ ನಿಮ್ಮ ಕಂಪ್ಯೂಟರಿನ ಡಿಸ್ಕೇ ಅಳಿಸಿಹೋಗಬಹುದು.

ಪ್ರಶ್ನೆ: ಮೂರನೆಯದನ್ನು ಅಳಿಸಿ ಮತ್ತೆ ಮಾಡಿದೆ, ಇನ್ನೂ ಫಾರ್ಮ್ಯಾಟ್ ಮಾಡಿಲ್ಲ. ಅಷ್ಟರಲ್ಲಿ ಪುಸ್ತಕಗಳ ನಕಲು ಅರ್ಧಕ್ಕೇ ನಿಂತಿರುವುದು ಗೊತ್ತಾಯಿತು. ಉಳಿದವು ಹೋದವೇ?

ಉತ್ತರ: ಹೋಗಿಲ್ಲ. ಎಫ್‌ಡಿಸ್ಕ್ ಬದಲಿಸುವುದು ಪಾರ್ಟಿಷನ್ ಪಟ್ಟಿಯನ್ನು ಮಾತ್ರ. ಹಳೆಯ ಆರಂಭ ಮತ್ತು ಕೊನೆಯ ಸೆಕ್ಟರ್‌ಗಳನ್ನೇ ಕೊಟ್ಟು ಪಾರ್ಟಿಷನ್ ಮಾಡಿ. ಹಳೆಯ ಗುರುತನ್ನು (ಸಿಗ್ನೇಚರ್) ತೆಗೆಯಲೇ ಎಂದು ಅದು ಕೇಳಿದರೆ ಬೇಡ ಎನ್ನಿ. ಸಂಖ್ಯೆ ನೆನಪಿಲ್ಲದಿದ್ದರೆ ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶ ಹುಡುಕಿಕೊಡುತ್ತದೆ.

ಪ್ರಶ್ನೆ: ಮೂರು ಪಾರ್ಟಿಷನ್‌ಗಳನ್ನೂ ಒಂದೊಂದಾಗಿ ಹೊಸ ಕಾರ್ಡಿಗೆ ನಕಲಿಸಿದೆ. ಪರದೆ ಅಲ್ಲಾಡುವುದೇ ಇಲ್ಲ.

ಉತ್ತರ: ಬೂಟ್‌ಲೋಡರ್ (ಸಾಧನವನ್ನು ಶುರುಮಾಡುವ ತಂತ್ರಾಂಶ), ಕರ್ನಲ್ (ಲಿನಕ್ಸ್‌ನ ತಿರುಳು), ಸೀರಿಯಲ್ ಸಂಖ್ಯೆ ಇವೆಲ್ಲ ಮೊದಲ ಪಾರ್ಟಿಷನ್ನಿಗೂ ಮುಂಚಿನ, ಯಾವ ಪಾರ್ಟಿಷನ್ನಿಗೂ ಸೇರದ ಜಾಗದಲ್ಲಿವೆ. ನಿಮ್ಮ ನಕಲಿನಲ್ಲಿ ಅವು ಬಂದಿಲ್ಲ. ಹಳೆಯ ಕಾರ್ಡನ್ನು ಇಡಿಯಾಗಿ ನಕಲಿಸಿ. ಬೇರೆಯವರ ಇಮೇಜ್ ಹಾಕಿದರೆ ಅವರ ಸೀರಿಯಲ್ ಸಂಖ್ಯೆಯೂ ನಿಮ್ಮ ಸಾಧನಕ್ಕೆ ಬರುತ್ತದೆ, ಆ ದಾರಿ ಬೇಡ.