ಸಿಗಡಿ ಹೊಂಡದ ನೀರು ಹಸಿರಾದರೆ ಪಾಚಿ ಔಷಧಿ ಹಾಕಬೇಕಾ?

ಮದ್ದೂರು ಕಡೆ ನಾಲೆ ನೀರಲ್ಲಿ ಸಿಹಿನೀರಿನ ಸಿಗಡಿ ಸಾಕುತ್ತಿದ್ದೀರಿ, ನೀರು ಹಸಿರಾಗಿದೆ ಅಂತ ಗಾಬರಿ, ಅಲ್ವಾ? ಸುಮ್ನೆ ಔಷಧಿ ಸುರಿಯಬೇಡಿ.

ಆ ಹಸಿರು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಸಿಗಡಿಯ ಹಿಕ್ಕೆ, ಉಳಿದ ಫೀಡ್‌ನಿಂದ ಬರುವ, ಸಿಗಡಿಗೆ ವಿಷವಾದ ಅಮೋನಿಯಾವನ್ನು ಹೀರಿಕೊಂಡೇ ಅದು ಬೆಳೆಯುತ್ತದೆ, ಹಗಲಲ್ಲಿ ಆಮ್ಲಜನಕವನ್ನೂ ಕೊಡುತ್ತದೆ. ತೊಂದರೆ ರಾತ್ರಿ. ಬಿಸಿಲಿಲ್ಲದಾಗ ಪಾಚಿಯೂ ಆಮ್ಲಜನಕ ಎಳೆದುಕೊಳ್ಳುವುದರಿಂದ, ಜಾಸ್ತಿ ದಟ್ಟವಾಗಿದ್ದರೆ ಬೆಳಗಿನ ಜಾವ ಸಿಗಡಿಗಳು ಉಸಿರಿಗಾಗಿ ದಡಕ್ಕೆ ಬಂದು ಗುಂಪು ಕಟ್ಟುತ್ತವೆ.

ಬಿಳಿ ತಟ್ಟೆಯೊಂದನ್ನು ಕೋಲಿಗೆ ಕಟ್ಟಿ, ಬಿಸಿಲಿರುವಾಗ ನೀರಿಗಿಳಿಸಿ. 30ರಿಂದ 40 ಸೆಂ.ಮೀ. ಆಳದಲ್ಲಿ ಮರೆಯಾದರೆ ಸರಿಯಾಗಿದೆ. 20ಕ್ಕೂ ಮೊದಲೇ ಮರೆಯಾದರೆ ಫೀಡ್ ಕಡಿಮೆ ಮಾಡಿ, ಸ್ವಲ್ಪ ಸ್ವಲ್ಪವೇ ನೀರು ಬದಲಿಸಿ, ರಾತ್ರಿ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಓಡಿಸಿ. ಪಾಚಿಯನ್ನು ಒಮ್ಮೆಲೇ ಕೊಂದರೆ ಅದು ಕೊಳೆತು, ಇದ್ದ ಆಮ್ಲಜನಕವೂ ಹೋಗಿ, ಹೀರಿದ್ದ ಅಮೋನಿಯಾ ಮತ್ತೆ ನೀರಿಗೇ ಬರುತ್ತದೆ.

ಗಾಳಿ ತಳ್ಳಿದ ಮೂಲೆಯಲ್ಲಿ ಬಣ್ಣ ಚೆಲ್ಲಿದ ಹಾಗೆ ನೀಲಿ-ಹಸಿರು ಕೆನೆ ಕಟ್ಟಿ ವಾಸನೆ ಬಂದರೆ ಮಾತ್ರ ಅದು ಕೆಟ್ಟ ಜಾತಿ, ಬಲೆಬಟ್ಟೆಯಲ್ಲಿ ಎತ್ತಿ ಹೊರಗೆ ಹಾಕಿ. ಪಕ್ಕದ ಕಬ್ಬಿನ ಗದ್ದೆಯ ಯೂರಿಯಾ ನೀರು ಹೊಂಡಕ್ಕೆ ಬಸಿಯುತ್ತಿದೆಯಾ, ಅದನ್ನೂ ನೋಡಿ; ಯೂರಿಯಾ ಪಾಚಿಗೂ ಗೊಬ್ಬರವೇ.